ಕಾಲು ಮುಂದಾಗಿ ಹುಟ್ಟಿದವಳು

ನಾನು ಕಾಲು ಮುಂದಾಗಿ ಹುಟ್ಟಿದವಳು.
ಕೋಲಾರದ ಕೀಲುಕೋಟೆಯಲ್ಲಿ, ನಮ್ಮ ಬೀದಿಯಲ್ಲಿ
ಯಾರಿಗೆ ಸೊಂಟ ಉಳುಕಿದರೂ ನಮ್ಮ ಜಗಲಿಗೆ ಬಂದು
ಬೋರಲು ಮಲಗುತ್ತಿದ್ದರು.
ಆರು ವರ್ಷದವಳು, ಹಿಮ್ಮಡಿಯಿಂದ ಮೂರು ಸಲ ಒದ್ದು
ಒಂದು ಬಾಳೆಹಣ್ಣು ಇಸಕೊಂಡು ಆಟಕ್ಕೆ ಓಡುತ್ತಿದ್ದೆ.
ವಾಸಿಯಾಗುತ್ತಿತ್ತೋ ಇಲ್ಲವೋ,
ಎದ್ದವರೆಲ್ಲ "ಹಗುರಾಯ್ತು" ಅನ್ನುತ್ತಿದ್ದರು.
ಮಗುವಿನ ಮುಂದೆ ಇನ್ನೇನು ಅಂದಾರು.

ಈಗ ಮೂವತ್ತೆಂಟು.
ಟೈರ್ ಅಂಗಡಿಯ ಮಹಡಿಯಲ್ಲಿ ನನ್ನ ಜಿಮ್,
ಕಿಟಕಿ ತೆಗೆದರೆ ಟೊಮೆಟೊ ಮಂಡಿಯ ಹುಳಿವಾಸನೆ.
ಹರಾಜು ಮುಗಿದ ಮೇಲೆ ಹಮಾಲಿಗಳು ಬರುತ್ತಾರೆ,
ಹದಿನೈದು ಕೇಜಿಯ ಕ್ರೇಟನ್ನು ಲೆಕ್ಕ ತಪ್ಪುವಷ್ಟು ಸಲ ಎತ್ತಿಟ್ಟವರು,
ದುಡ್ಡು ಕೊಟ್ಟು ಮತ್ತೆ ಭಾರ ಎತ್ತಲು.
ನಗಬೇಡಿ. ನಾನೂ ಮೊದಲು ನಕ್ಕಿದ್ದೆ.

ಅವುಲಪ್ಪನ ಪ್ರಶ್ನೆ: ಸೊಂಟಕ್ಕೆ ಯಾವುದು ಮೇಲು,
ಒಂದೇ ಒಂದು ಹೇಳಕ್ಕ, ಟೈಮಿಲ್ಲ.

ಡೆಡ್‌ಲಿಫ್ಟ್ ಅಂದೆ ಮೊದಲು.
ನೆಲದ ಮೇಲೆ ಸತ್ತು ಬಿದ್ದ ಭಾರ,
ಅದಕ್ಕೆ ನಿನ್ನ ಮೇಲೆ ದ್ವೇಷವಿಲ್ಲ, ದಯೆಯೂ ಇಲ್ಲ.
ಕಾಲು, ಕುಂಡಿ, ಬೆನ್ನು ಮೂವರೂ ಸಹಿ ಹಾಕಿದರೆ ಏಳುತ್ತದೆ,
ಒಬ್ಬ ಗೈರಾದರೆ ಸೊಂಟವೇ ದಂಡ ಕಟ್ಟಬೇಕು.
ನೂರಾಹತ್ತು ಎತ್ತುತ್ತೇನೆ ನಾನು. ಜಂಬಕ್ಕೆ ಒಳ್ಳೆಯದು.
ಮೊಣಕಾಲು ದಾಟುವ ಆ ಒಂದು ಗೇಣಿನಲ್ಲಿ ಮಾತ್ರ
ಯಾರಿಗೂ ಯಾರೂ ಇಲ್ಲ.

ಗುಡ್ ಮಾರ್ನಿಂಗ್ ಅಂತ ಇನ್ನೊಂದು.
ಹೆಗಲ ಮೇಲೆ ಸರಳು ಹೊತ್ತು
ನಮಸ್ಕಾರದ ಹಾಗೆ ನಡು ಬಗ್ಗಿಸುವುದು.
ಮಸ್ತಾನ್ ಮಾಡಲೊಲ್ಲ:
"ಮಂಡಿ ಸಾಹುಕಾರಂಗೆ ದಿನಾ ಮಾಡ್ತೀನಿ, ಇಲ್ಲೂನಾ?"
ಅರ್ಧಕ್ಕಿಂತ ಕಮ್ಮಿ ಭಾರ ಸಾಕು ಇದಕ್ಕೆ;
ಸೊಂಟದಿಂದ ದೂರವಾದಷ್ಟೂ ಭಾರದ ಮಾತು ಕಟು,
ದೂರದ ನೆಂಟರು ಆಡಿಕೊಂಡ ಹಾಗೆ.

ರೋಮನ್ ಕುರ್ಚಿಯಲ್ಲಿ
ಎದೆಗೆ ಹತ್ತು ಕೇಜಿಯ ತಟ್ಟೆ ಅವಚಿ, ತಲೆ ಕೆಳಗಾಗಿ ತೂಗಿ ಏಳಬೇಕು.
ಕಾಲಿಗೆ ರಜೆ, ದುಡಿತವೆಲ್ಲ ಬೆನ್ನಿನದೇ.
ನಮ್ಮದರ ಗ್ರೀಸು ಒಣಗಿದೆ.
ಕಿರ್ರೆಂದದ್ದು ಎಣಿಸಿದರೆ ಸಾಕು.

ಕೊನೆಯದನ್ನು ಹೇಳಲೋ ಬೇಡವೋ.
ಜೆಫರ್ಸನ್ ಕರ್ಲ್.
ಹಲಗೆಯ ಮೇಲೆ ನಿಂತು, ಕತ್ತಿನಿಂದ ಶುರುಮಾಡಿ
ಬೆನ್ನಿನ ಒಂದೊಂದೇ ಮಣಿ ಬಿಡಿಸುತ್ತ,
ಕೈಯಲ್ಲಿ ಚೂರು ಭಾರ,
ಕಮಾನಾಗಿ ಕಾಲ್ಬೆರಳಿನಾಚೆ ಇಳಿಯುವುದು.
ಬೆನ್ನು ಗೂನಾಗಬಾರದು, ಗೂನಾಗಬಾರದು ಎಂದು
ಇಷ್ಟು ವರ್ಷ ಕೂಗಿದ ಬಾಯಿ ನನ್ನದು.
ಈಗ ಗೂನು ಮಾಡು, ನಿಧಾನ, ಅನ್ನಬೇಕು.
ಸರ್ಟಿಫಿಕೇಟು ಕೊಟ್ಟ ಮೇಷ್ಟ್ರು ಕೇಳಿದರೆ ಬೈದಾರು.
ನಮ್ಮಜ್ಜಿ ರಾಗಿ ಹೊಲದಲ್ಲಿ ಹೀಗೇ ಕಮಾನಾಗಿ ಕಳೆ ಕಿತ್ತವಳು.
ಸಂಜೆ ನೆಟ್ಟಗಾಗುವಾಗ "ಯಪ್ಪಾ" ಅಂದದ್ದನ್ನು
ಯಾರೂ ಒಂದು ಸೆಟ್ಟು ಅಂತ ಬರೆದುಕೊಳ್ಳಲಿಲ್ಲ.

ಅವುಲಪ್ಪನಿಗೆ ಐದು ಕೇಜಿ ಕೊಟ್ಟೆ.
"ಇಷ್ಟೇನಾ? ಮಕ್ಕಳಾಟ."
ಇಳಿಯುತ್ತ ಇಳಿಯುತ್ತ, ಸೊಂಟಕ್ಕೆ ಇನ್ನು ನಾಲ್ಕು ಮಣಿ ಇರುವಾಗ
ನಿಂತುಬಿಟ್ಟ.
ಕ್ರೇಟು ಎತ್ತುವಾಗ ಎಂದೂ ಮುಟ್ಟದ ಜಾಗವಂತೆ,
ಅಲ್ಲೇನೋ ಇದೆಯಂತೆ, ನೋವಲ್ಲವಂತೆ.
ಭಾರ ಕೆಳಗಿಡಿಸಿದೆ. ಬೋರಲು ಮಲಗು ಎಂದೆ.

ನನ್ನ ಹಿಮ್ಮಡಿ ತಾನಾಗಿ ಮೇಲೆದ್ದಿತ್ತು.

ಒದೆಯಲಿಲ್ಲ. ಅಂಗೈ ಇಟ್ಟು, ಉಸಿರು ಬಿಡು ಎಂದೆ.
ಕೆಳಗೆ ಯಾರೋ ಟೈರಿಗೆ ಗಾಳಿ ಹೊಡೆಯುತ್ತಿದ್ದರು.
"ಹಗುರಾಯ್ತಕ್ಕ" ಅಂದ.
ನಿಜವೋ, ನಾನಿನ್ನೂ ಮಗುವೋ.
ಪುಸ್ತಕದಲ್ಲಿ ಬರೆದೆ:
ಅವುಲಪ್ಪ, ಐದು ಕೇಜಿ, ನಾಲ್ಕು ಮಣಿ ಬಾಕಿ.