ಎಳೆ ಕಚ್ಚುವ ಬಾಯಿ

ಪೆಟ್ಟಿಗೆಯೊಳಗೆ ಮೂವತ್ತೇಳು ಡಿಗ್ರಿ,
ಜ್ವರ ಬಿಟ್ಟ ಮಗುವಿನ ಹಣೆಯಷ್ಟು ಬೆಚ್ಚಗೆ.
ಅಲ್ಲಿ ಯಾರದೋ ಕರುಳು ಬೆಳೆಯುತ್ತಿದೆ.
ಆ ಯಾರೋ ತೀರಿಹೋಗಿ ಎಷ್ಟೋ ವರ್ಷ,
ಕರುಳಿಗೆ ಮಾತ್ರ ಸುದ್ದಿ ಮುಟ್ಟಿಲ್ಲ.
ಎರಡು ದಿನಕ್ಕೊಮ್ಮೆ ಕೆಂಪು ನೀರು ಬದಲಿಸುತ್ತೇನೆ;
ಕೋಶಗಳು ಹೆಗಲಿಗೆ ಹೆಗಲು ತಾಗಿಸಿ ಹರಡುತ್ತವೆ,
ವಡಗಾವಿಯ ನಮ್ಮ ಮಗ್ಗದ ಹಾಸಿನ ಹಾಗೆ, ಒತ್ತಾಗಿ.
ನೀರೂ ಕೇಳಿಯೇ ದಾಟಬೇಕು.

ಪಕ್ಕದ ಬಾಟಲಿಯಲ್ಲಿ ಇನ್ಯಾರದೋ ಯಕೃತ್ತು.
ಅದು ಮನೆಯ ಹಿರಿಸೊಸೆ:
ಬಂದದ್ದನ್ನೆಲ್ಲ ಒಳಗಿಟ್ಟುಕೊಂಡು ಸುಮ್ಮನಿರುತ್ತದೆ.

ಸೋಮವಾರ ದಡ್ಡೀಕರ ಮೇಡಂ ಒಂದು ಶೀಶೆ ಕೊಟ್ಟರು.
ನೀರುಮಜ್ಜಿಗೆಯಂಥ ಬಿಳುಪು, ಪ್ಲಾಸ್ಟಿಕ್ ಮಣಿಗಳು;
ಒಂದು ಸಾಸಿವೆಯ ಅಗಲಕ್ಕೆ ಸಾವಿರಗಟ್ಟಲೆ ಸಾಲು ನಿಂತಾವು.
ಕತ್ತಲ ಕೋಣೆಯ ಮಸೂರದಡಿ ಹಸಿರಾಗಿ ಹೊಳೆದವು,
ಮೊದಲ ದಿನ ಗೋಡೆಯ ಹೊರಗೆ,
ಮರುದಿನ ಒಳಗೆ.
ಬಾಗಿಲನ್ನು ಯಾರೂ ಮುರಿದಿರಲಿಲ್ಲ.
ಕೋಶವೇ ಕೈಚಾಚಿ ತುತ್ತು ಮಾಡಿಕೊಂಡಿತ್ತು.

ಸತ್ತವೇನ್ರೀ, ಅಂತ ಕೇಳುತ್ತಾರೆ ಜನ.
ಹೆಚ್ಚಿನವು ಸಾಯಲಿಲ್ಲ.
ಹೆಗಲಿಂದ ಹೆಗಲು ತುಸು ಸರಿಯಿತು,
ಹಾಸು ಸಡಿಲಾಯಿತು, ದಾಟಬಾರದ್ದು ದಾಟಿತು.
ಯಕೃತ್ತಿನ ಒಂದೊಂದು ಕೋಶದೊಳಗೂ ಸಣ್ಣ ಸಣ್ಣ ಒಲೆಗಳಿರುತ್ತವೆ;
ಅವು ಉರಿಯುವುದು ಬಿಟ್ಟು ಹೊಗೆಯಾಡಿದವು.
ಹಳದಿ ಹನಿ ಹಾಕಿದರೆ ಬದುಕಿದ್ದು ನೇರಳೆಗೆ ತಿರುಗಬೇಕು.
ತಿರುಗಿತು,
ನೂರು ಸಲ ಒಗೆದ ಸೀರೆಯ ನೇರಳೆ.

“ತಟ್ಟೆ ಬೇರೆ, ಹೊಟ್ಟೆ ಬೇರೆ,” ಅಂದರು ಮೇಡಂ,
“ನಾವು ಕೊಟ್ಟದ್ದೇ ಹೆಚ್ಚಾಯಿತೋ ಏನೋ.
ಗೊತ್ತಿಲ್ಲ ಅಂತ ಬರಿ.”
ಬರೆದೆ.
ನಾಲ್ಕಕ್ಕೆ ಮೈನುದ್ದೀನ ಚಹಾ ತಂದ.
ಕುದಿ ಚಹಾ, ತೆಳು ಪ್ಲಾಸ್ಟಿಕ್ ಚೀಲ, ಕುತ್ತಿಗೆಗೆ ರಬ್ಬರು.
ನಾವಿಬ್ಬರೂ ಅದನ್ನು ನೋಡಿದೆವು.
ಕುಡಿದೆವು.

ಮನೆಯಲ್ಲಿ ಅವ್ವ ಎಳೆ ಕೂಡಿಸುತ್ತಿದ್ದಳು.
ಮೊದಲು ಹತ್ತಿ, ಆಮೇಲೆ ರೇಷ್ಮೆ,
ನಾನು ಹುಟ್ಟುವ ಹಿಂದಿನ ವರ್ಷದಿಂದ ಸೂರತ್ತಿನ ಪಾಲಿಸ್ಟರು.
ಹರಿದ ಎಳೆ ಹಿಡಿದು ನಾಲಿಗೆಗೆ ತಾಗಿಸಿ,
ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಲ್ಲಿ ಕಟ್.
ದಿನಕ್ಕೆ ಇನ್ನೂರು ಗಂಟು ಹಿಡಿದರೂ
ಮೂವತ್ತೈದು ವರ್ಷಕ್ಕೆ…
ಗುಣಿಸಲು ಹೊರಟವಳು ನಡುವೆ ಬಿಟ್ಟೆ.
ಅವಳ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಬಿದ್ದಿದೆ,
ಎಳೆ ಕೂಡುವಷ್ಟೇ ಅಗಲ.

“ತುದಿ ಉಗುಳವ್ವಾ.”

“ಕಲ್ಲು ತಿಂದು ಅರಗಿಸಿಕೊಂಡಾವ್ರ ನಾವ.
ಕೂದಲೆಳಿಯಷ್ಟು ದಾರ ಏನ್ ಮಾಡತೈತಿ?
ನಿನ್ನ ಬಸರಿದ್ದಾಗೂ ಹಿಂಗ ಕಚ್ಚೀನಿ.
ನೀ ಏನ ಕಡಿಮಿ ಆಗಿ?”

ಕರುಳ ಬಳ್ಳಿ ಅನ್ನುತ್ತಾರಲ್ಲ,
ಅದರಲ್ಲಿ ಆ ವರ್ಷದ ಯಾವ ಬಣ್ಣ ಹೊಕ್ಕಾಗಿತ್ತೋ.
ಗಿಳಿಹಸಿರು ನಡೆಯುತ್ತಿತ್ತಂತೆ ಆಗ, ಅವಳೇ ಹೇಳಿದ್ದು.
ತಟ್ಟೆ ಬೇರೆ, ಹೊಟ್ಟೆ ಬೇರೆ.
ಗೊತ್ತಿಲ್ಲ ಅಂತ ಬರೆದಿದ್ದೇನೆ.

ಎಂಟೂವರೆಗೆ ಕರೆಂಟು ಹೋಯಿತು.
ಓಣಿಯ ಮಗ್ಗಗಳೆಲ್ಲ ಒಂದೇ ಸಲ ಬಾಯಿ ಮುಚ್ಚಿದವು.
ಮೊಬೈಲಿನ ಬೆಳಕಲ್ಲಿ ಅವ್ವ ಎಳೆಯ ಎರಡು ತುದಿ ನನ್ನ ಕೈಗಿಟ್ಟಳು,
“ನಿನ್ನ ಕಣ್ಣ ಚುರುಕ ಅದಾವ, ನೀ ಕಟ್ಟು.”
ಕಟ್ಟಿದೆ.
ಕತ್ತರಿಗೆಂದು ತಡಕಾಡಿದೆ, ಸಿಗಲಿಲ್ಲ.
ಅವಳು ಕಾಯುತ್ತಿದ್ದಳು.
ಬಾಗಿ ಹಲ್ಲಿಗೆ ಹಚ್ಚಿದೆ.

ತುದಿ ನಾಲಿಗೆಯ ಮೇಲಿತ್ತು, ಅದು ಗೊತ್ತು.
ಆಮೇಲೆ ಕರೆಂಟು ಬಂತು,
ಅವ್ವ ಏನೋ ಕೇಳಿದಳು,
ಉತ್ತರ ಕೊಡುವುದರೊಳಗೆ ಎಲ್ಲಿ ಹೋಯಿತೋ.