ದಾವಣಗೆರೆಯಲ್ಲೊಂದು ಡಾಲ್ಫಿನ್

ಮಂಡಕ್ಕಿ ಭಟ್ಟಿಯ ಹಿಂದೆ, ಹೊಟ್ಟಿನ ಚೀಲಗಳಡಿ
ಎರಡೇ ಬಾಗಿಲಿನ ಫೈಬರ್ ಕಾರು.
ಮೈಗೆ ತುಕ್ಕಿಲ್ಲ; ಮಿಕ್ಕಿದ್ದೆಲ್ಲ ತುಕ್ಕೇ.
ಏರ್ ಫಿಲ್ಟರ್ ಬಿಚ್ಚಿದರೆ
ಇಲಿ ಕೂಡಿಟ್ಟ ಮಂಡಕ್ಕಿ, ಒಂದು ಪಾವು.

ಈದಿ ದುಡ್ಡು ಪ್ಲಗ್ಗಿಗೇ ಮುಗೀತು.
ಕ್ಲಚ್ ಪ್ಲೇಟಿಗೆ ಗುಜರಿ ಮುನಾಫ್‌ಸಾಬ್:
"ಅರ್ಧ ಈಗ ಕೊಡು,
ಉಳಿದದ್ದು ಮೀಸೆ ಬಂದಮೇಲೆ."

ಅಪ್ಪನ ಅಕ್ಕ ಓಡಿಸಿದ್ದಳಂತೆ ಇದನ್ನು, ರ‍್ಯಾಲಿಯಲ್ಲಿ,
ನಿಕಾಹಿಗೆ ಮುಂಚೆ.
ಕೇಳಿದರೆ, "ಗ್ರೀಸ್ ಕೈ ತೊಳಕೊ, ಅನ್ನ ಆರುತ್ತೆ."

ನಿನ್ನೆ ರಾತ್ರಿ ಮೂರು ಸಲ ಕೆಮ್ಮಿ
ಹಿಡೀತು ಎಂಜಿನ್.
ಹಿತ್ತಲಿಂದ ಫುಪ್ಪು ದನಿ:
"ಚೋಕ್ ಒಳಗೆ ತಳ್ಳೋ, ಉಸಿರು ಕಟ್ಟುತ್ತೆ ಅದಕ್ಕೆ!"

ಒಳಗಿನ ಕನ್ನಡಿ ಮಾತ್ರ ನಾನು ಮುಟ್ಟಿಲ್ಲ.
ನನಗಿಂತ ಗಿಡ್ಡ ಯಾರಿಗೋ ಹೊಂದಿಸಿದ್ದು.
ಅದರಲ್ಲಿ ನನಗೆ ರಸ್ತೆಯಿಲ್ಲ,
ಹರಿದ ಹಿಂದಿನ ಸೀಟಷ್ಟೇ.