ಐವತ್ನಾಲ್ಕು ಇಂಚು

ಉದ್ಯಮಬಾಗದ ಶೆಡ್ಡಿನಲ್ಲಿ ನನ್ನ ಮೇಜು.
ಪಕ್ಕದ ಫೌಂಡ್ರಿಯ ಕರಿ ಮರಳು ದಿನಾ ಹಾರಿ ಬಂದು
ಕ್ಯಾಲ್ಕುಲೇಟರಿನ ಏಳು ಎಂಟುಗಳ ಸಂದಿಯಲ್ಲಿ ಕೂರುತ್ತದೆ.
ಊದಿ, ಲೆಕ್ಕ ಮುಂದುವರಿಸುತ್ತೇನೆ.

ಗಂಟೆಗೆ ನಲವತ್ತು ಟನ್ನು ಹಬೆ,
ನಲವತ್ತೈದು ಬಾರ್ ಒತ್ತಡ.
ಮುಧೋಳದಾಚೆ, ಘಟಪ್ರಭೆಯ ದಂಡೆಯ ಸಕ್ಕರೆ ಕಾರ್ಖಾನೆಗೆ
ಹಳೆ ಡ್ರಮ್ಮಿಳಿಸಿ ಹೊಸದನ್ನು ಏರಿಸಬೇಕು.

ಡ್ರಮ್ಮಂದ್ರ ಏನವಾ, ಅಂತ ಅವ್ವ ಕೇಳಿದ್ದಳು.
ಗಡಿಗಿ ತುಂಬ ನೀರ ಹಾಕಿ ಬ್ಯಾಳಿ ಇಡೂದಿಲ್ಲ ನೀ,
ಮ್ಯಾಲ ನಾಕ ಬೆರಳ ಜಾಗಾ ಬಿಡ್ತಿ.
ಆ ನಾಕ ಬೆರಳಿಗೆ ನನಗ ಪಗಾರ ಕೊಡ್ತಾರ.

ಜೂನಿನಲ್ಲಿ ಗಾಣ ನಿಂತ ಮೇಲೆ
ಹಳೆ ಡ್ರಮ್ಮಿನೊಳಗೆ ಇಳಿದೆ.
ಮೊರದಷ್ಟೂ ಅಗಲವಿಲ್ಲದ ಬಾಯಿ.
‘ಮದಲ ಒಂದ ಕೈ, ಆಮ್ಯಾಲ ತಲಿ,
ಕರಾ ಹುಟ್ಟೂ ಹಂಗ, ಬಾಯಾರ, ಆದ್ರ ಉಲ್ಟಾ,’
ಅಂದವನು ರಾಜೇಸಾಬ ಪಿಂಜಾರ,
ಇಪ್ಪತ್ತೆರಡು ಹಂಗಾಮಿನ ಬಾಯ್ಲರ್ ಅಟೆಂಡರ್.

ಒಳಗೆ ಇಪ್ಪತ್ನಾಲ್ಕು ವೋಲ್ಟಿನ ದೀಪ.
ಗೋಡೆಯುದ್ದಕ್ಕೂ ನೀರು ತಾನೇ ಎಳೆದ ಗೆರೆ:
ಕೆಳಗೆ ಬೂದಿ, ಮೇಲೆ ಇಟ್ಟಿಗೆ ಕೆಂಪು.
ಎಡ ತುದಿಗೆ ಗೆರೆ ಎರಡು ಬೆರಳು ಏರಿದೆ.
ಅಲ್ಲೊಂದು ಸೈಕ್ಲೋನು ಕಳಚಿ ಬಿದ್ದಿತ್ತು,
ಎಷ್ಟು ವರ್ಷದಿಂದಲೋ.
ಆ ಮೂಲೆಯಿಂದ ಹನಿಗಳು ಹಬೆಯ ಬೆನ್ನೇರಿ
ಟರ್ಬೈನಿನ ಎಲೆಗಳನ್ನು ಹರಳಿನ ಹಾಗೆ ಹೊಡೆಯುತ್ತಿದ್ದವು.

ಹೊರಗೆ, ಚಹಾ.
‘ಒಮ್ಮಿಗಿಲೆ ಹಬಿ ಜಗ್ಗಿದ್ರ
ಗಾಜಿನ್ಯಾಗ ನೀರ ಏರತೈತ್ರಿ.
ಖರೇ ಅಂದ್ರ ಒಳಗ ಇಳಿದಿರತೈತಿ.
ಉಬ್ಬಿ ಸುಳ್ಳ ಹೇಳತೈತ್ರಿ ಅದು.
ನಂಬಿದಾಂವ ಕೆಟ್ಟಾ.’

ಆಮೇಲೆ, ಕೇಳದೆಯೇ, ಹೋದ ಜನವರಿಯ ರಾತ್ರಿ ಹೇಳಿದ.
ಕರೆಂಟು ಹೋಯಿತು, ನೀರಿನ ಪಂಪು ನಿಂತಿತು.
ಕುಲುಮೆಯ ಮೇಲಿನ ಕಬ್ಬಿನ ಸಿಪ್ಪೆಗೆ ಅದೇನು ಗೊತ್ತು,
ಅದು ಉರಿಯುತ್ತಲೇ ಇತ್ತು.
ಹಬೆಯಿಂದ ಓಡುವ ಇನ್ನೊಂದು ಪಂಪು ಕೆಳಗೆ,
ಮೂವತ್ತೊಂದು ಮೆಟ್ಟಿಲು,
ಒಂದು ತಿರುವು, ಒಂದು ಬಾಗಿಲು, ಒಂದು ವಾಲ್ವು.
‘ಎಷ್ಟು ಹೊತ್ತು ಹಿಡಿಯಿತು?’
ಅವನು ಮೊಣಕಾಲು ನೋಡಿಕೊಂಡ.

ಇಬ್ಬರೂ ಇಳಿದು ನೋಡಿದೆವು, ನನ್ನ ಫೋನಿನ ಗಡಿಯಾರ ಒತ್ತಿ.
ಎಪ್ಪತ್ತೈದು ಸೆಕೆಂಡು.
ನಾಚಿಕೆಗೋ ಏನೋ ಎರಡನೆಯ ಸಲ ಓಡಿದ.
ಎಪ್ಪತ್ತೆರಡು. ಆಮೇಲೆ ಮೆಟ್ಟಿಲ ಮೇಲೆ ಕೂತವನು
ಬಹಳ ಹೊತ್ತು ಏಳಲಿಲ್ಲ.
ಆ ಎಪ್ಪತ್ತೆರಡನ್ನು ನಾನು ಬರೆದುಕೊಳ್ಳಲಿಲ್ಲ.

ಬೆಳಗಾವಿಯಲ್ಲಿ ಪಾಟಣೇಕರ ಮಾಲಕರಿಗೆ ನಲವತ್ತೆಂಟು ಇಂಚು ಸಾಕು.
ನಿಯಮಕ್ಕೂ ಸಾಕು, ಟೆಂಡರಿಗಂತೂ ಧಾರಾಳ ಸಾಕು.
ಲೆಕ್ಕ ಹಾಕಿದೆ:
ನಲವತ್ತೆಂಟಾದರೆ, ನೀರು ಮಾಮೂಲು ಮಟ್ಟದಿಂದ
ಅಪಾಯದ ಗೆರೆಗೆ ಬರಲು ಅರವತ್ತೇಳು ಸೆಕೆಂಡು.
ಐವತ್ನಾಲ್ಕಾದರೆ ಎಂಬತ್ತೇಳು.
ಆರು ಇಂಚು, ಇಪ್ಪತ್ತು ಸೆಕೆಂಡು.
ಈ ಇಪ್ಪತ್ತರ ನಡುವೆ ಎಲ್ಲೋ
ಒಂದು ಎಡಗಾಲು ಇಪ್ಪತ್ತನೆಯ ಮೆಟ್ಟಿಲ ಮೇಲಿದೆ.

ನಮೂನೆಯಲ್ಲಿ ‘ಕಾರಣ’ ಅನ್ನುವ ಕಾಲಮ್ಮಿದೆ.
ಮೊಣಕಾಲು ಅಂತ ಬರೆದರೆ ಯಾರು ಸಹಿ ಹಾಕುತ್ತಾರೆ?
‘ಮುಂದೆ ಲೋಡು ಏರಿದರೆ ಅನುಕೂಲ’
ಅಂತ ತುಂಬಿದೆ, ಗಾಜಿನ ನೀರಿನಂತೆ ಉಬ್ಬಿ.
ಮಾಲಕರು ಕನ್ನಡಕ ಹಣೆಗೇರಿಸಿ, ಇಳಿಸಿ,
ಠೀಕ್ ಆಹೇ, ಅಂದರು.
ಪ್ಲೇಟಿನ ದುಡ್ಡು ಇನ್ನೆಲ್ಲಿಂದ ಕೊಯ್ಯುತ್ತಾರೆ ಅಂತ
ನಾನೂ ಕೇಳಲಿಲ್ಲ.

ಉಳಿಯುವುದು ಹನ್ನೆರಡು.
ವರ್ಷಕ್ಕೆ ಎರಡೆರಡು ಸೆಕೆಂಡು ಕಾಲು ಸೋತರೂ
ಆರು ಹಂಗಾಮು. ರಿಟೈರಿಗೆ ಐದು.
ಈ ಲೆಕ್ಕವನ್ನು ಶೀಟಿನ ಹಿಂದೆ
ಪೆನ್ಸಿಲ್ಲಲ್ಲಿ ಮಾಡಿ, ಅಳಿಸಿದೆ.

ಫೋನಿನಲ್ಲಿ ಅವನಿಗೆ ಇಷ್ಟೇ ಹೇಳಿದೆ:
ಹನ್ನೆರಡು ಸೆಕೆಂಡು ಹೆಚ್ಚಿಗೆ ಸಿಗತಾವ.
ಆ ಕಡೆ ಬೆಲ್ಟಿನ ಸದ್ದು, ಯಾರದೋ ಕೂಗು.
‘ಸಾಕ ಬಿಡ್ರಿ ಬಾಯಾರ,’ ಅಂದ,
‘ಕೈಯಾಗಿನ ಬೀಡಿ ಆರಿಸಿ ಹೊಂಡಬೌದು.’